ಮೊದಲ ಚೀಲದ ಬೆಣಚುಕಲ್ಲು

ನಮ್ಮ ಎದುರುಮನೆಯವರು ಮೇಲೊಂದು ಅಂತಸ್ತು ಕಟ್ಟಿಸುತ್ತಿದ್ದಾರೆ. ಕಟ್ಟಿಸಲಿ, ಬೇಡವೆಂದವರು ಯಾರು? ಆದರೆ ಭೀಮಾ ನದಿಯ ಉಸುಕನ್ನೆಲ್ಲ ತಂದು ನನ್ನ ಬಾಗಿಲಿಗೇ ಸುರಿಯಬೇಕೆ? ಹೋಗಿ ಹೇಳಿದೆ. ‘ನಾಳಿ ತೆಗಸ್ತೇವ್ರಿ ಕಾಕಾ’ ಎಂದರು. ಆಳಂದದಲ್ಲಿ ನಾಳೆ ಎಂದರೆ ಮುಂದಿನ ವರ್ಷ. ಇನ್ನೊಮ್ಮೆ ಹೇಳಿ ಮರ್ಯಾದೆ ಕಳೆದುಕೊಳ್ಳುವುದು ಬೇಡವೆಂದು ನಾನೇ ಸಲಿಕೆ ಹಿಡಿದು, ಬಾಗಿಲಷ್ಟಾದರೂ ಬಿಡಿಸಿಕೊಳ್ಳಲು ನಿಂತೆ. ಈ ವಯಸ್ಸಿಗೆ ಬೇಡದ ಕೆಲಸ. ನಾಲ್ಕು ಸಲಿಕೆ ಎತ್ತುವಷ್ಟರಲ್ಲಿ ಸೊಂಟ ಹಿಡಿಯಿತು. ಆ ಗುಡ್ಡೆಯ ಮೇಲೆಯೇ ಕೂತುಬಿಟ್ಟೆ.

ಜರಡಿ ಹಿಡಿಯದ ಉಸುಕು. ಬೋರೆಹಣ್ಣಿನಷ್ಟು ದಪ್ಪದ ಕಲ್ಲುಗಳು ಅದರ ತುಂಬ. ಬಿಳಿಯವು ಎರಡನ್ನು ಎತ್ತಿಕೊಂಡು, ಏನೂ ಯೋಚಿಸದೆ, ಒಂದಕ್ಕೊಂದು ಜೋರಾಗಿ ತಿಕ್ಕಿದೆ. ಸುಟ್ಟ ಕೂದಲಿನದೂ ಅಲ್ಲದ, ಪಟಾಕಿಯ ಮದ್ದಿನದೂ ಅಲ್ಲದ, ಎರಡರ ನಡುವಿನ ಒಂದು ವಾಸನೆ ಎದ್ದಿತು. ಬಾಗಿಲಲ್ಲಿ ನಿಂತಿದ್ದ ಸೊಸೆ, ‘ಮಾಮಾ, ಏನರ ಸುಡಾಕತ್ತದೇನ್ರಿ?’ ಎಂದಳು.

‘ಹೌದವ್ವಾ, ಸುಡಾಕತ್ತದ’ ಎಂದೆ. ಅವಳು ಅಡುಗೆಮನೆಗೆ ಓಡಿಹೋಗಿ ಒಲೆ ನೋಡಿಬಂದಳು.

ಒಲೆಯ ಮೇಲೆ ಏನೂ ಸುಡುತ್ತಿರಲಿಲ್ಲ. ಆ ವಾಸನೆಯಿಂದ ಒಂದು ಬೇಸಿಗೆಯಲ್ಲಿ ಹೆಸರು ಮಾಡಿದವನು ನಾನು. ಅದೇ ಬೇಸಿಗೆಯಲ್ಲಿ ಅದರಿಂದಲೇ ಒಂದು ಮನೆಯ ಹೆಸರು ಕೆಡಿಸಿದವನೂ ನಾನೇ. ಹೆಂಡತಿಗೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ, ಅವಳು ಹೋದಳು. ಮಕ್ಕಳಿಗೆ ಹೇಳೋಣವೆಂದರೆ ಅವರಿಗೆ ಕೇಳಲು ಪುರುಸೊತ್ತಿಲ್ಲ. ಇನ್ನು ಬರೆಯುವುದೊಂದೇ ಉಳಿದಿದೆ.

ಯುದ್ಧ ಎಲ್ಲೋ ದೂರ ನಡೆದಿತ್ತು, ಜೋಳದ ತುಟ್ಟಿ ಮಾತ್ರ ನಮ್ಮಲ್ಲಿಗೆ ಬಂದಿತ್ತು. ನಿಜಾಮರ ರಾಜ್ಯದಲ್ಲಿ ಆಗ ಲೆವಿ ಎಂಬುದೊಂದು ಶುರುವಾಯಿತು. ಹೊಲವಿದ್ದವನು ರಾಶಿಯಾದ ಮೇಲೆ ತನ್ನ ಪಾಲಿಗೆ ಬಂದಷ್ಟು ಜೋಳವನ್ನು ಗೋದಾಮಿಗೆ ತಂದು ಹಾಕಬೇಕು. ನಾನು ಗುಲಬರ್ಗದಲ್ಲಿ ಉರ್ದುವಿನಲ್ಲಿ ಹೈಸ್ಕೂಲು ಮುಗಿಸಿ, ಆಳಂದದ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮರಾಗಿದ್ದ ಅಪ್ಪನ ಮುಖ ನೋಡುತ್ತ ಮನೆಯಲ್ಲಿ ಕೂತಿದ್ದೆ. ಅಪ್ಪ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ಅಫಜಲಪುರದಲ್ಲಿ ಆ ಬೇಸಿಗೆಗೆಂದು ತೆರೆದಿದ್ದ ಗೋದಾಮಿನಲ್ಲಿ ನನಗೊಂದು ಕೆಲಸ ಸಿಕ್ಕಿತು. ಬಂದ ಜೋಳದಲ್ಲಿ ಕಲ್ಲು ಮಣ್ಣು ಎಷ್ಟಿದೆ ನೋಡಿ ಹೇಳುವುದು. ಹೈಸ್ಕೂಲು ಓದಿ ಕಲ್ಲು ಆರಿಸುವ ಕೆಲಸ! ನಮ್ಮವ್ವ ಅದನ್ನು ದಿನವೂ ಮೊರದಲ್ಲಿ ಮಾಡುತ್ತಿದ್ದಳು. ಅವಳಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

ಗೋದಾಮೆಂದರೆ ಹಿಂದೊಮ್ಮೆ ಕುದುರೆ ಕಟ್ಟುತ್ತಿದ್ದ ಲಾಯ. ಮೇಲೆ ತಗಡು. ಹೊತ್ತೇರಿದರೆ ಒಳಗೆ ಬೆಂದುಹೋಗಬೇಕು, ಹೊರಗೆ ಬಂದರೆ ಬಂಡಿಗಳ ಸಾಲಿನ ಧೂಳು. ರೈತರು ಸಿಟ್ಟಿನಲ್ಲಿರುತ್ತಿದ್ದರು, ಎತ್ತುಗಳು ಸಿಟ್ಟಿನಲ್ಲಿರುತ್ತಿದ್ದವು, ನಾನಂತೂ ಬೆಳಗಿನಿಂದಲೇ ಸಿಟ್ಟಿನಲ್ಲಿರುತ್ತಿದ್ದೆ. ಸಿಟ್ಟಿಲ್ಲದೆ ಇದ್ದವನು ಚೀಲ ಹೊರುವ ಖಾಸೀಮ ಒಬ್ಬನೇ. ‘ಸಾಹೇಬ್ರ, ಈ ಜೋಳದಾಗಿನ ಕಲ್ಲೆಲ್ಲಾ ಕೂಡಿಸಿದ್ರ ಇನ್ನೊಂದು ಗೋದಾಮ ಕಟ್ಟಬಹುದ್ರಿ’ ಎನ್ನುತ್ತಿದ್ದ.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಕಡೆಯ ಜೋಳದಲ್ಲಿ ಕಲ್ಲಿಲ್ಲದಿರುವುದು ಹೇಗೆ? ಹೊಲದಲ್ಲೇ ಕಣ ಮಾಡಿ, ನೆಲ ಸಾರಿಸಿ, ಎತ್ತು ತುಳಿಸಿ ರಾಶಿ ಮಾಡುತ್ತಾರೆ. ತುಳಿದ ನೆಲ ಕಾಳಿನ ಜೊತೆ ಏಳುತ್ತದೆ. ಆದರೆ ಕೆಲವರು ಬೇಕೆಂದೇ ಕಲ್ಲು ಬೆರೆಸಿ ತೂಕ ತುಂಬಿಸುತ್ತಿದ್ದರು, ಅದೂ ಸುಳ್ಳಲ್ಲ. ಯಾವುದು ನೆಲದಿಂದ ಎದ್ದ ಕಲ್ಲು, ಯಾವುದು ಕೈಯಿಂದ ಹಾಕಿದ ಕಲ್ಲು? ಇದನ್ನು ಹೇಳುವವರು ಯಾರೂ ಇರಲಿಲ್ಲ. ನಾನು ಹೇಳತೊಡಗಿದೆ.

ನಮ್ಮ ವಿಜ್ಞಾನದ ಮಾಸ್ತರರು ಕಲ್ಲು ಗುರುತಿಸುವುದನ್ನು ಒಂದಿಷ್ಟು ಕಲಿಸಿದ್ದರು. ಒಂದು ಚಾಕು, ಒಂದು ಗಾಜಿನ ತುಂಡು, ಒಂದು ನಿಂಬೆಹಣ್ಣು ಇದ್ದರೆ ಸಾಕು. ಆಳಂದದ ಕಡೆಯ ಜೋಳದಲ್ಲಿ ಬರುವುದು ಕರಿಕಲ್ಲಿನ ಚೂರು, ನೋಡಿದರೇ ತಿಳಿಯುತ್ತದೆ. ಎರೆಹೊಲದ ಸುಣ್ಣದ ಹರಳು ಬೆಳ್ಳಗಿರುತ್ತದೆ, ಆದರೆ ಚಾಕುವಿನಿಂದ ಗೀರಬಹುದು, ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಬಿಡುತ್ತದೆ. ಜೇವರ್ಗಿ ಕಡೆಯದು ನೆಲಕ್ಕೆ ಹಾಸುವ ಬೂದು ಬಣ್ಣದ ಫರಸಿಕಲ್ಲಿನ ಚಪ್ಪಟೆ ಚೂರು, ಅದೂ ನೊರೆ ಬಿಡುವ ಜಾತಿಯೇ. ಬೆಣಚುಕಲ್ಲಿನ ಸಂಗತಿ ಬೇರೆ. ಅದನ್ನು ಗುರುತಿಸುವುದು ಅದು ಮಾಡುವುದರಿಂದಲ್ಲ, ಮಾಡದಿರುವುದರಿಂದ. ಚಾಕುವಿಗೆ ಗೀರಾಗುವುದಿಲ್ಲ, ಚಾಕುವೇ ಅದರ ಮೇಲೆ ಸೀಸದಕಡ್ಡಿಯಂತೆ ಗೆರೆ ಬಿಟ್ಟುಹೋಗುತ್ತದೆ. ನಿಂಬೆಹಣ್ಣಿಗೆ ಏನೂ ಅನ್ನುವುದಿಲ್ಲ. ಒಡೆದರೆ ಪದರಾಗಿ ಬಿಡುವುದಿಲ್ಲ, ಸೀಸೆ ಒಡೆದಂತೆ ಬಾಗಿದ, ಹೊಳೆಯುವ ಚೂರಾಗುತ್ತದೆ. ಹೊರಗೆ ಕೆಂಪು, ಹಳದಿ, ಜೇನಿನ ಬಣ್ಣ ಯಾವುದಿದ್ದರೂ ಅದು ಹೆಚ್ಚಾಗಿ ಮಣ್ಣಿನ ತುಕ್ಕು ಹತ್ತಿದ್ದು, ಒಳಗೆ ಬಿಳುಪೇ. ಗಾಜನ್ನು ಮಾತ್ರ ಕರ್ ಎಂದು ಗೀರುತ್ತದೆ. ಇಷ್ಟು ಗಟ್ಟಿಯಾದ್ದರಿಂದಲೇ ಭೀಮೆಯ ದಂಡೆಯಲ್ಲಿ ಅದು ಅಷ್ಟು ಸಿಗುವುದು. ಜೊತೆಗೆ ಉರುಳಿಬಂದ ಮೆತ್ತನೆಯ ಕಲ್ಲೆಲ್ಲ ಸವೆದು ಮಣ್ಣಾಗಿರುತ್ತದೆ, ಇದು ಮೂಲೆ ಕಳೆದುಕೊಂಡು ಗುಂಡಗಾಗಿ ಉಳಿದಿರುತ್ತದೆ.

ಒಮ್ಮೆ ಅಫಜಲಪುರದ ವ್ಯಾಪಾರಿಯೊಬ್ಬ ತನ್ನ ಹೊಲದ್ದೆಂದು ತಂದ ಜೋಳದಲ್ಲಿ ಫರಸಿಚೂರು ಕಂಡು, ‘ಇದು ಜೇವರ್ಗಿ ಕಡೀದು, ನೀವು ಕೊಂಡು ತಂದದ್ದು’ ಎಂದುಬಿಟ್ಟೆ. ಅವನ ಮುಖ ಬಿಳಿಚಿಕೊಂಡಿತು. ನಿಜವೇ ಆಗಿತ್ತು. ಗೋದಾಮಿನ ಮೇಲ್ವಿಚಾರಣೆಗೆ ಬರುತ್ತಿದ್ದ ಕಂದಾಯದ ಗಿರ್ದಾವರ ಸಾಹೇಬರು ನನ್ನ ಬೆನ್ನು ತಟ್ಟಿದರು. ‘ಶಾಬಾಶ್! ಕಲ್ಲ ನೋಡಿ ಊರ ಹೇಳ್ತಾನ ಈ ಹುಡುಗ. ಹಿಂತಾವನ್ನ ಕಾಯಂ ಮಾಡಬೇಕು.’ ಅಂದಿನಿಂದ ರೈತರ ಬಾಯಲ್ಲಿ ನಾನು ಕಲ್ಲುಸಾಹೇಬನಾದೆ. ಬಿಸ್ಕಿಟಿನ ತಗಡಿನ ಡಬ್ಬಿಯಲ್ಲಿ ನಮೂನೆಯ ಕಲ್ಲುಗಳನ್ನು ಕೂಡಿಟ್ಟೆ. ಹೊಳೆಗೆ ಹೋದಾಗ ಇನ್ನಷ್ಟು ಆರಿಸಿ ತಂದೆ. ಗಿರ್ದಾವರರು ಬಂದಾಗ ಗೋದಾಮಿನ ಕತ್ತಲ ಮೂಲೆಗೆ ಅವರನ್ನು ಕರೆದುಕೊಂಡುಹೋಗಿ, ಎರಡು ಬೆಣಚುಕಲ್ಲು ತಿಕ್ಕಿ, ಅವುಗಳ ಒಳಗೆ ಮಿಂಚಿ ಮಾಯವಾಗುವ ಬೆಳಕನ್ನೂ ತೋರಿಸಿದೆ, ಆ ವಾಸನೆಯನ್ನೂ ಮೂಸಿಸಿದೆ. ‘ಯಾ ಅಲ್ಲಾ, ಕಲ್ಲಿನೊಳಗ ದೀಪ!’ ಎಂದು ಅವರು ಮಗುವಿನಂತೆ ನಕ್ಕರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಣ್ಣೂರಿನ ಧೂಳಪ್ಪ ಬಂದದ್ದು ಅಂಥದೇ ಒಂದು ದಿನ. ಗಿರ್ದಾವರರು ಒಳಗೆ ಕೂತು ಚಹಾ ಕುಡಿಯುತ್ತಿದ್ದರು.

ಮಣ್ಣೂರು ಭೀಮೆಯ ದಂಡೆಯ ಊರು. ಧೂಳಪ್ಪನದು ಊರ ಹೊರಗಿನ ಕೇರಿ. ಯಾರೂ ಕಣ್ಣಿಟ್ಟಿರದ, ಹೊಳೆ ಏರಿದರೆ ಮುಳುಗುವ ಒಂದು ಪಟ್ಟಿ ಹೊಲ ಅವನಿಗಿತ್ತು. ಬಂಡಿ ಇರಲಿಲ್ಲ. ತನ್ನ ಪಾಲಿನ ಒಂದೇ ಚೀಲವನ್ನು ಯಾರದೋ ಬಂಡಿಯಲ್ಲಿ ಹಾಕಿಸಿಕೊಂಡು, ತಾನು ಹಿಂದೆ ನಡೆದು ಬಂದಿದ್ದ. ಅವನನ್ನು ಬಾಗಿಲ ಹೊರಗೇ ನಿಲ್ಲಿಸಿದೆವು. ಅದೇನೂ ವಿಶೇಷವಾಗಿ ಮಾಡಿದ್ದಲ್ಲ, ದಿನವೂ ಹಾಗೆಯೇ ಮಾಡುತ್ತಿದ್ದೆವು. ಈಗ ಬರೆಯುವಾಗ ಅದೇ ಮೊದಲು ಕಣ್ಣಿಗೆ ಬೀಳುತ್ತದೆ.

ಚೀಲದಿಂದ ಕಾಳು ಎಳೆಯುವ ಪರಖಿ ಎಂಬ ಕಬ್ಬಿಣದ ಟೊಳ್ಳು ಮೊಳೆ ನಮ್ಮ ಹತ್ತಿರ ಇರುತ್ತಿತ್ತು. ಅದನ್ನು ಚುಚ್ಚಿದೆ, ಒಳಗೆ ಏನಕ್ಕೋ ತಾಗಿ ನಿಂತಿತು. ಖಾಸೀಮ ಚೀಲ ಸುರಿದ. ಜೋಳ ಮುತ್ತಿನಂತಿತ್ತು, ಅಷ್ಟು ಶುದ್ಧವಾದ ಜೋಳ ಆ ಬೇಸಿಗೆಯಲ್ಲಿ ನಾನು ಕಂಡಿರಲಿಲ್ಲ. ಅದರ ನಡುವೆ ಐದು ಬೆಣಚುಕಲ್ಲು. ಗುಂಡಗೆ, ನುಣ್ಣಗೆ, ಒಂದೊಂದೂ ಬೋರೆಹಣ್ಣಿನಷ್ಟು. ನಾನು ಕೂಡಲೇ ಗಾಜು ತೆಗೆದೆ. ಗೀರಿತು. ನಿಂಬೆ ಹಿಂಡಿದೆ. ನೊರೆ ಬರಲಿಲ್ಲ. ಗಿರ್ದಾವರರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ: ‘ಇವು ಕಣದ ಕಲ್ಲಲ್ಲ. ಹೊಳಿ ಕಲ್ಲು. ಆರಿಸಿ ತಂದು ಹಾಕಿದ್ದು.’

ಧೂಳಪ್ಪ ಅಲ್ಲಿಂದಲೇ, ‘ಹೌದ್ರಿ ಯಪ್ಪಾ, ಹೊಳೀವ. ಅವು ಕಲ್ಲಲ್ರಿ, ಪಾಂಡವರ್ರಿ. ನಮ್ಮ ದೇವ್ರು. ಹೊರಾಗ ತೆಗೆಯೋದು ಮರ್ತೇವ್ರಿ’ ಎಂದ.

‘ಪಾಂಡವರು ಲೆವಿ ಕೊಡಾಕ ಬಂದಾರೇನಲೇ?’ ಎಂದೆ.

ಬಂಡಿಯವರೆಲ್ಲ ನಕ್ಕರು. ಗಿರ್ದಾವರರು ನಕ್ಕು ಚಹಾ ಚೆಲ್ಲಿಕೊಂಡರು. ಹತ್ತೊಂಬತ್ತರ ವಯಸ್ಸಿನಲ್ಲಿ ಹಿರಿಯರೆಲ್ಲ ನಮ್ಮ ಮಾತಿಗೆ ನಕ್ಕರೆ ತಲೆ ನಿಲ್ಲುವುದಿಲ್ಲ.

‘ಸಾಹೇಬ್ರ, ಮೋಸ ಮಾಡಾವ ಐದ ಕಲ್ಲ ಹಾಕ್ತಾನೇನ್ರಿ? ಐದ ಕಲ್ಲಿಗಿ ಎಷ್ಟ ತೂಕ ಬರ್ತದ್ರಿ?’ ಎಂದ ಧೂಳಪ್ಪ.

ಎಷ್ಟು ನೇರವಾದ ಪ್ರಶ್ನೆ! ಉತ್ತರ ಅದರಲ್ಲೇ ಇತ್ತು. ಹಿಡಿ ಜೋಳದಷ್ಟೂ ತೂಗದ ಕಲ್ಲು ಹಾಕಿ ಯಾವ ಮೂರ್ಖ ಮೋಸ ಮಾಡುತ್ತಾನೆ? ಆದರೆ ನಾನು ಕಲ್ಲು ನೋಡುತ್ತಿದ್ದೆ, ಅವನನ್ನು ನೋಡುತ್ತಿರಲಿಲ್ಲ. ‘ಸಿಕ್ಕಿದ್ದು ಐದು. ಮನ್ಯಾಗ ಉಳಿದ ಜೋಳದಾಗ ಎಷ್ಟು ಹಾಕೀಯೋ ಯಾರಿಗಿ ಗೊತ್ತು’ ಎಂದೆ. ಗಿರ್ದಾವರರು ಒಳಗಿನಿಂದಲೇ ತೀರ್ಪು ಹೇಳಿದರು. ಚೀಲ ಜಪ್ತು. ಅದಕ್ಕೆ ಬದಲಾಗಿ ಇನ್ನೊಂದು ಚೀಲ ಹೊಸದಾಗಿ ತಂದುಹಾಕಬೇಕು. ಕಲ್ಲು ಬೆರೆಸಿದವನೆಂದು ಮಣ್ಣೂರಿನಲ್ಲಿ ಡಂಗುರ ಹೊಡೆಸಬೇಕು.

ಧೂಳಪ್ಪ ಜೋಳದ ಮಾತೆತ್ತಲಿಲ್ಲ. ‘ಆ ಐದು ಕೊಡ್ರಿ’ ಎಂದಷ್ಟೇ ಅಂದ. ‘ಪುರಾವೆ ಕೊಡಾಕ ಬರಂಗಿಲ್ಲ’ ಎಂದು ಅವುಗಳನ್ನು ನನ್ನ ಡಬ್ಬಿಗೆ ಹಾಕಿದೆ. ಠಣ್ ಠಣ್ ಎಂದು ಬಿದ್ದವು.

ಇನ್ನೊಂದು ಚೀಲ ಅವನು ಎಲ್ಲಿಂದ ತರಬೇಕು? ಹಿಂಗಾರಿ ಬಿತ್ತನೆಗೆ ಗಡಿಗೆಯಲ್ಲಿ ಬೂದಿ ಬೆರೆಸಿಟ್ಟಿದ್ದ ಬೀಜದ ಜೋಳ, ಮಕ್ಕಳ ರೊಟ್ಟಿಗೆ ಇಟ್ಟುಕೊಂಡದ್ದು, ಎಲ್ಲ ಕೂಡಿಸಿ ತಂದುಹಾಕಿದ. ಬೂದಿ ಸರಿಯಾಗಿ ಹೋಗಿರಲಿಲ್ಲ. ನಾನು ಅದಕ್ಕೂ ಗೊಣಗಿದೆ.

ಆಮೇಲೆ ಬರತೊಡಗಿದವಳು ಅವನ ಹೆಂಡತಿ ಭೀಮವ್ವ. ಸಂತೆಯ ದಿನ ಬಂದರೆ ಗೋದಾಮಿನ ಎದುರಿನ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದಳು. ಕೂಗುತ್ತಿರಲಿಲ್ಲ, ಅಳುತ್ತಿರಲಿಲ್ಲ. ನಾನು ಹೊರಗೆ ಬಂದಾಗಲೆಲ್ಲ ಎದ್ದು ನಿಂತು, ‘ಜೋಳ ನೀವ ಇಟ್ಕೋರಿ. ನಮ್ಮವ್ರನ್ನ ಕೊಡ್ರಿ’ ಎನ್ನುತ್ತಿದ್ದಳು. ಮನುಷ್ಯರನ್ನು ಜೈಲಿನಲ್ಲಿ ಇಟ್ಟವರಿಗೆ ಹೇಳುವಂತೆ.

‘ಹೊಳಿ ದಂಡಿಗಿ ಬೇಕಾದಷ್ಟು ಬಿದ್ದಾವ, ಬ್ಯಾರೆ ಐದು ಆರಿಸ್ಕೋ ಹೋಗಬೇ’ ಎಂದೆ ಒಮ್ಮೆ, ಬೇಸತ್ತು.

‘ನಿಮ್ಮವ್ವ ಸತ್ರ ಊರಾಗ ಬೇಕಾದಷ್ಟು ಹೆಣ್ಮಕ್ಕಳದಾರ, ಬ್ಯಾರೆ ಒಬ್ಬಾಕಿನ್ನ ಆರಿಸ್ಕೋತೀರೇನ್ರಿ?’

ಖಾಸೀಮ ಕೇಳಿಸಿಕೊಂಡು ಮುಖ ಆಚೆ ತಿರುಗಿಸಿದ. ಅವನು ನಗುವುದನ್ನು ಬಿಟ್ಟದ್ದು ಅಂದು ಒಂದೇ ಸಲ ಇರಬೇಕು. ನನಗೆ ಮೈಯೆಲ್ಲ ಉರಿಯಿತು. ಅವಳನ್ನು ಅಲ್ಲಿ ಕೂಡಲು ಬಿಡಬೇಡವೆಂದು ಅವನಿಗೆ ಹೇಳಿದೆ. ಅವನು ಹೂಂ ಎಂದ, ಅವಳು ಕೂಡುತ್ತಲೇ ಇದ್ದಳು.

ಬಿಸಿಲು ಇನ್ನೂ ಏರಿತು. ಮಣ್ಣೂರಿನ ಗೌಡರ ರಾಶಿ ದೊಡ್ಡದು, ಎಲ್ಲರದು ಮುಗಿದರೂ ಅವರದು ಮುಗಿದಿರಲಿಲ್ಲ. ಲೆವಿಗೆ ಅಂದಾಜು ನೋಡಿಬಾ ಎಂದು ನನ್ನನ್ನು ಕಳಿಸಿದರು. ಗಾಣಗಾಪುರದಿಂದ ಮರಳುತ್ತಿದ್ದ ಯಾತ್ರಿಕರ ಬಂಡಿಯೊಂದರಲ್ಲಿ ಕೂತು, ದಾರಿಯುದ್ದಕ್ಕೂ ಅವರ ಭಜನೆ ಕೇಳಿ ತಲೆ ಚಿಟ್ಟುಹಿಡಿದು, ಇಳಿದು ಬಿಸಿಲಲ್ಲಿ ನಡೆದು ಗೌಡರ ಕಣ ಮುಟ್ಟಿದೆ. ಬಾಯಿ ಒಣಗಿತ್ತು. ಗೌಡರ ಮಗ ಮಲ್ಲಣಗೌಡ, ಹೆಚ್ಚುಕಡಿಮೆ ನನ್ನದೇ ವಯಸ್ಸಿನವನು, ಮಜ್ಜಿಗೆ ತರಿಸಿದ. ಕುಡಿಯುತ್ತ ರಾಶಿ ನೋಡಿದೆ.

ಆಳಂದದ ಪೇಟೆಯಲ್ಲಿ ಬೆಳೆದ ನಾನು ಅಲ್ಲಿಯವರೆಗೆ ಜೋಳವನ್ನು ಚೀಲದಲ್ಲೇ ಕಂಡವನು. ಕಣದಲ್ಲಿ ಎದ್ದ ರಾಶಿಯನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ರಾಶಿಯ ತುದಿಗೆ ಜೋಳದ ತೆನೆ, ಸಗಣಿಯ ಬೆನಕ, ಅದರ ಸುತ್ತ ಐದು ಬಿಳಿಯ ಕಲ್ಲು. ಗುಂಡಗೆ, ನುಣ್ಣಗೆ. ಸುಣ್ಣ ಹಚ್ಚಿ, ಮೇಲೆ ಕುಂಕುಮ ಇಟ್ಟಿದ್ದರು.

‘ಇವೇನು?’ ಎಂದೆ. ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿತು.

‘ಪಾಂಡವರಲ್ರಿ! ಎಳ್ಳ ಅಮಾಸಿಗಿ ಹೊಲದಾಗ ಇವರಿಗೇ ಪೂಜಿ ಮಾಡಿ ನೈವೇದ್ಯದ ಚರಗ ಚೆಲ್ತೇವಿ. ರಾಶಿ ಅಳೆಯೋ ಮುಂದ ಮೊದಲನೇ ಚೀಲದಾಗ ಹಾಕ್ತೇವಿ. ಮೊದಲನೇ ಚೀಲ ಮನಿಗಿ ಹೋಗ್ತದ. ಜೋಳ ತೀರ್ಕೋಂತ ಬಂದಂಗ ಒಬ್ಬೊಬ್ಬರ ಹೊರಾಗ ಬರ್ತಾರ. ಐದೂ ಮಂದಿ ಬಂದ್ರಂದ್ರ ಚೀಲ ತೀರಿತು ಅಂತ ಲೆಕ್ಕ. ಮತ್ತ ಮುಂದಿನ ಎಳ್ಳಮಾಸಿತನಕ ದೇವರ ಜಗಲಿ ಮ್ಯಾಲ’ ಎಂದು ಮಲ್ಲಣಗೌಡ ಉತ್ಸಾಹದಿಂದ ಹೇಳಿದ. ‘ಇವು ನಮ್ಮ ಮುತ್ಯಾನ ಮುತ್ಯಾ ಹೊಳಿಯಿಂದ ತಂದವಂತ.’

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಗೌಡರ ಮೊದಲ ಚೀಲ ಮನೆಗೆ ಹೋಗುತ್ತದೆ, ಲೆವಿಗೆ ಹೋಗುವುದು ಹಿಂದಿನ ಚೀಲಗಳು. ಒಂದು ಪಟ್ಟಿ ಹೊಲದವನಿಗೆ ಹಿಂದಿನ ಚೀಲಗಳೆಲ್ಲಿ? ಅವನ ಮೊದಲ ಚೀಲವನ್ನೇ ನಾವು ಕಸಿದಿದ್ದೆವು. ಪದ್ಧತಿಯಂತೆ ಅವನು ದೇವರನ್ನು ಚೀಲದಲ್ಲಿ ಹಾಕಿದ್ದ, ಕಾನೂನಿನಂತೆ ಚೀಲ ನಮ್ಮಲ್ಲಿಗೆ ಬಂದಿತ್ತು. ಗೌಡರ ರಾಶಿಯ ಮೇಲಿದ್ದರೆ ದೇವರು, ಧೂಳಪ್ಪನ ಚೀಲದಲ್ಲಿದ್ದರೆ ಕಳವು. ನನ್ನ ಗಾಜು ಸರಿ ಹೇಳಿತ್ತು, ನಿಂಬೆ ಸರಿ ಹೇಳಿತ್ತು. ಬೆಣಚುಕಲ್ಲು ಹೌದು, ಹೊಳೆಯದು ಹೌದು, ಕೈಯಿಂದ ಹಾಕಿದ್ದು ಹೌದು. ಪ್ರತಿಯೊಂದೂ ನಿಜ, ಎಲ್ಲ ಕೂಡಿದರೆ ಸುಳ್ಳು. ಯಾಕೆ ಹಾಕಿದೆ ಎಂದು ಒಂದು ಮಾತು ಕೇಳಿ ಉತ್ತರಕ್ಕೆ ಕಾದಿದ್ದರೆ ಸಾಕಿತ್ತು. ಕಾಯುವುದಿರಲಿ, ಅವನು ಕೇಳದೆಯೇ ಹೇಳಿದಾಗ ನಾನು ನಗೆಚಾಟಿಕೆ ಮಾಡಿದ್ದೆ.

ಅಂದು ಅಲ್ಲಿಂದ ನೇರವಾಗಿ ಧೂಳಪ್ಪನ ಕೇರಿಗೆ ಹೋಗಬೇಕಾಗಿತ್ತು, ದೂರವೇನೂ ಇರಲಿಲ್ಲ. ಹೋಗಲಿಲ್ಲ. ಗಿರ್ದಾವರರ ಮುಂದೆ ಹೇಳಬೇಕಾಗಿತ್ತು. ಹೇಳಿದರೆ ಸಿಟ್ಟಾಗುತ್ತಾರೆ, ಕೆಲಸ ಕಾಯಂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಲ್ಲಿನೊಳಗಿನ ದೀಪ ನೋಡಿ ಮಗುವಿನಂತೆ ನಕ್ಕ ಆ ಮನುಷ್ಯ ಸಿಟ್ಟಾಗುತ್ತಿದ್ದರೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಕೇಳಿ ನೋಡಿದ್ದರಲ್ಲವೆ ಗೊತ್ತಾಗುವುದು!

ಹೇಳುವ ಬದಲು ನಾನೊಂದು ಉಪಾಯ ಹುಡುಕಿದೆ. ಸದ್ದಿಲ್ಲದೆ ಕಲ್ಲು ವಾಪಸು ಕೊಟ್ಟುಬಿಡುವುದು. ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದೆ. ಆಗ ತಿಳಿಯಿತು ನಾನು ಮಾಡಿಟ್ಟ ಗೋಜಲು. ಹೊಳೆಯಿಂದ ನಾನೇ ಆರಿಸಿ ತಂದವು, ಬೇರೆ ಚೀಲಗಳಲ್ಲಿ ಸಿಕ್ಕವು, ಧೂಳಪ್ಪನವು, ಎಲ್ಲ ಒಂದಾಗಿದ್ದವು. ಹಚ್ಚಿದ್ದ ಸುಣ್ಣ ಚೀಲದ ಕಾಳಿನಲ್ಲೇ ತಿಕ್ಕಿ ಹೋಗಿರಬೇಕು, ಕುಂಕುಮ ಡಬ್ಬಿಯಲ್ಲಿ ಉರುಳಾಡಿ ಎಂದೋ ಹೋಗಿತ್ತು. ಅಥವಾ ನಾನು ನಿಂಬೆ ಹಿಂಡಿದಾಗಲೇ ಹೋಗಿತ್ತೋ ಏನೋ. ಅಷ್ಟನ್ನಾದರೂ ಗಮನಿಸಿದ್ದೆನೆ?

ಮಧ್ಯಾಹ್ನವೆಲ್ಲ ಕೂತೆ. ಗಾಜಿಗೆ ಗೀರಿದೆ, ಎಲ್ಲವೂ ಗೀರಿದವು. ನಿಂಬೆ ಹಿಂಡಿದೆ, ಎಲ್ಲವೂ ಸುಮ್ಮನಿದ್ದವು. ಬಿಸಿಲಿಗೆ ಹಿಡಿದೆ, ಎಲ್ಲದರ ಒಳಗೂ ಹಾಲಿನಂಥ ಮಬ್ಬು. ತಿಕ್ಕಿದೆ, ಎಲ್ಲದರಿಂದಲೂ ಅದೇ ವಾಸನೆ. ಊರಿಗೆಲ್ಲ ಕಲ್ಲು ಗುರುತಿಸಿ ಕೊಡುವ ಸಾಹೇಬನಿಗೆ ಐದು ಕಲ್ಲು ಗುರುತಿಸಲಾಗಲಿಲ್ಲ. ಇವು ಏನು ಎಂದು ಹೇಳಬಲ್ಲೆ, ಇವು ಯಾರವು ಎಂದು ಹೇಳಲು ನನ್ನ ಹತ್ತಿರ ಯಾವ ಪರೀಕ್ಷೆಯೂ ಇರಲಿಲ್ಲ. ಕೊನೆಗೆ ಗುಂಡಗಿದ್ದ, ನೋಡಲು ಚೆಂದವಿದ್ದ ಐದನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಮುಂದಿನ ಸಂತೆಯ ದಿನ ಬೇವಿನ ಗಿಡದ ಹತ್ತಿರ ಹೋಗಿ ಭೀಮವ್ವನಿಗೆ ಕೊಟ್ಟೆ. ‘ತಗೋ. ಯಾರಿಗೂ ಹೇಳಬ್ಯಾಡ’ ಎಂದೆ. ಉಪಕಾರ ಮಾಡುತ್ತಿರುವವನ ಧ್ವನಿಯಲ್ಲಿ.

ಅವಳು ಸೆರಗಿನಲ್ಲಿ ಇಸಿದುಕೊಂಡು, ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ಸವರಿ ನೋಡಿದಳು. ಮಗುವಿನ ಮೈ ಸವರುವಂತೆ. ಮತ್ತೆ ಕರವಸ್ತ್ರದಲ್ಲಿ ಕಟ್ಟಿ ನನ್ನೆದುರು ನೆಲದ ಮೇಲಿಟ್ಟಳು.

‘ಇವು ಚೊಲೋ ಅದಾವ್ರಿ. ನಮ್ಮವಲ್ಲ.’

‘ಅಲ್ಲೇನಬೇ, ಎಲ್ಲಾ ಒಂದೇ ಥರ...’

‘ಯಾರ ಮನೀವೋ ಏನೋ, ಅವರಿಗಿ ಕೊಡ್ರಿ. ಅವರೂ ಹುಡುಕಾಕತ್ತಿರ್ತಾರ.’

ಸೀರೆ ಝಾಡಿಸಿಕೊಂಡು ಎದ್ದು ಹೋದಳು. ಮತ್ತೆ ಬರಲಿಲ್ಲ.

ಮಳೆಗಾಲ ಹಿಡಿಯುವ ಮೊದಲು ಗೋದಾಮು ಮುಚ್ಚಿದರು. ಕಾಯಂ ಆಗುವ ಮಾತು ಗಿರ್ದಾವರರ ಚಹಾದೊಡನೆ ಆರಿಹೋಯಿತು. 

ನಾನು ಡಬ್ಬಿಯನ್ನು ಟ್ರಂಕಿನಲ್ಲಿ ಹಾಕಿಕೊಂಡು ಆಳಂದಕ್ಕೆ ಬಂದೆ. ಹಿಂಗಾರಿಯಲ್ಲಿ ಎಲ್ಲರೂ ಬಿತ್ತಿದರು, ಹೊಳೆದಂಡೆಯ ಒಂದು ಪಟ್ಟಿ ಹಾಗೇ ಬೀಳುಬಿದ್ದಿತು ಎಂದು ಆಳಂದದ ಸಂತೆಗೆ ಬಂದಿದ್ದ ಖಾಸೀಮ ಹೇಳಿದ. ಧೂಳಪ್ಪ ಹೆಂಡತಿ ಮಕ್ಕಳನ್ನು ಕರೆದುಕೊಂಡು ಜೇವರ್ಗಿ ಕಡೆಯ ಫರಸಿ ಖಣಿಗೆ ಕಲ್ಲು ಒಡೆಯಲು ಹೋದನಂತೆ. ‘ನಿಮ್ಮ ಶಿಷ್ಯ ಆದ್ರಿ ಸಾಹೇಬ್ರ, ಅವನೂ ಕಲ್ಲಿನ ಕೆಲಸಕ್ಕ ಹೋದ’ ಎಂದು ಖಾಸೀಮ ಅಂದ. ಹಾಸ್ಯ ಮಾಡಿದನೋ ಚುಚ್ಚಿದನೋ ನಾನು ಕೇಳಲಿಲ್ಲ.

ಆ ಡಬ್ಬಿಯನ್ನು ಏನು ಮಾಡಲಿ? ಎಸೆಯೋಣವೆಂದರೆ ಅದರಲ್ಲಿ ಒಂದು ಮನೆಯ ದೇವರಿದ್ದಾರೆ. ಇಟ್ಟುಕೊಳ್ಳೋಣವೆಂದರೆ ಯಾರೆಂದು ಗೊತ್ತಿಲ್ಲ. ಕಚೇರಿಯ ಗುಮಾಸ್ತಿಕೆ ಮಾಡಿ, ಮನೆ ಬದಲಿಸಿ, ಮಕ್ಕಳ ಮದುವೆ ಮಾಡಿ, ನಿವೃತ್ತನಾಗಿ, ಎಲ್ಲೆಲ್ಲಿ ಹೋದರೂ ಅದು ನನ್ನ ಜೊತೆ ಬಂತು. ಹೆಂಡತಿ ಪ್ರತಿ ದೀಪಾವಳಿಗೂ ‘ಈ ಕಲ್ಲ ಯಾಕ ಹೊತ್ಕೊಂಡ ತಿರಗ್ತೀರಿ’ ಎಂದು ರೇಗುತ್ತಿದ್ದಳು. ನಾನೂ ರೇಗುತ್ತಿದ್ದೆ. ತಪ್ಪಿದ್ದವನು ಬೇಗ ರೇಗುತ್ತಾನೆ.

ಉಸುಕಿನ ಗುಡ್ಡೆಯ ಮೇಲೆ ಕೂತು ಆ ವಾಸನೆ ಕುಡಿದ ಮರುದಿನ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಮಗ ಬೈದ. ಬೈಯಲಿ.

ಹಿಂದಿನ ರಾತ್ರಿ ಮಳೆ ಬಿದ್ದು ಮಣ್ಣೂರು ಕೆಸರಾಗಿತ್ತು. ಧೂಳಪ್ಪನ ಮನೆ ಎಂದರೆ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಅಂಗಡಿಯವನೊಬ್ಬ, ‘ಓಹೋ, ಕಲ್ಲಾಕಿದವರ ಮನಿ ಏನ್ರಿ? ಸುಜಾತಾ ಟೀಚರ್ ಮನಿ. ಹಿಂಗ ಹೋಗ್ರಿ’ ಎಂದ. ಕಲ್ಲಾಕಿದವರ ಮನೆ! ಅಂದು ಹೊಡೆಸಿದ ಡಂಗುರ ಇನ್ನೂ ನಿಂತಿರಲಿಲ್ಲ.

ಸುಜಾತಾ, ಖಣಿಯಿಂದ ಮತ್ತೆ ಊರಿಗೆ ಮರಳಿದ್ದ ಧೂಳಪ್ಪನ ಮೊಮ್ಮಗಳು. ಅದೇ ಊರಿನ ಶಾಲೆಯಲ್ಲಿ ಟೀಚರು. ಗೋಡೆಯ ಮೇಲೆ ಬುದ್ಧನ ಪಟ. ನನ್ನನ್ನು ಒಳಗೆ ಕರೆದು ಕುರ್ಚಿ ಹಾಕಿ ನೀರು ಕೊಟ್ಟಳು. ನಾವು ಅವಳ ಅಜ್ಜನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು ಆ ನೀರಿನ ಜೊತೆ ಗಂಟಲಲ್ಲಿ ಇಳಿಯಿತು. ಎಲ್ಲ ಹೇಳಿದೆ. ಡಬ್ಬಿ ಅವಳ ಮುಂದಿಟ್ಟೆ. ‘ಇದರಾಗ ನಿಮ್ಮವು ಐದು ಅದಾವ್ರವ್ವಾ. ಯಾವು ಅಂತ ನನಗ ಗೊತ್ತಿಲ್ಲ. ಎಲ್ಲಾ ತಂದೇನಿ.’

ಅವಳು ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ನೋಡಿದ್ದು ಸ್ವಲ್ಪ ಹೊತ್ತು ಮಾತ್ರ.

‘ಅಜ್ಜಿ ಇದ್ದಿದ್ರ ಸವರಿ ಹೇಳ್ತಿದ್ಲ್ರಿ. ಆಕಿ ಹೋಗಿ ಭಾಳ ವರ್ಷ ಆತು. ನಮ್ಮ ಮನ್ಯಾಗ ಈಗ ಕಲ್ಲ ಪೂಜಿ ಮಾಡಂಗಿಲ್ರಿ.’

‘ಮತ್ತ ಇವನ್ನ ಏನ್ ಮಾಡ್ಲಿ?’

‘ಬಾಗಲ ಮುಂದ ಕೆಸರ ಆಗೇದ ನೋಡ್ರಿ. ಸಾಲಿ ಹುಡುಗ್ರು ಜಾರಿ ಬೀಳಾಕತ್ತಾರ. ಅಲ್ಲಿ ಸುರೀರಿ.’

ನಾನು ಹೌಹಾರಿದೆ. ‘ದೇವ್ರಲ್ರಿ ಅವು...’

‘ದೇವ್ರಾಗಿದ್ದಾಗ ನೀವು ಕಲ್ಲ ಅಂದ್ರಿ. ಈಗ ಕಲ್ಲಾಗ್ಯಾವ, ದೇವ್ರ ಅಂತೀರಿ. ಏನ್ರಿ ನಿಮ್ಮದೊಂದು!’ ಎಂದು ಅವಳು ರೇಗಿದಳು. ಆಮೇಲೆ ಧ್ವನಿ ಇಳಿಸಿ, ‘ನಮ್ಮಿಂದ ನೀವು ಒಯ್ದದ್ದು ಇದಲ್ಲ ಮುತ್ಯಾ. ಸಾಲ್ಯಾಗ ನನಗ ಹುಡುಗ್ರು ಹಿಂದಿಂದ ಕಲ್ಲ ಟೀಚರ್ ಅಂತಾವ. ನಮ್ಮಪ್ಪಗೂ ಅಂತಿದ್ರು. ಅದನ್ನ ವಾಪಸ್ ತಗೊಂಡ ಹೋಗ್ರಿ. ನನ್ನ ಮುಂದ ಹೇಳಿದ್ರ ಏನಾತು, ನನಗ ಗೊತ್ತೇ ಅದ. ಅಗಸ್ಯಾಗ ಹೇಳ್ರಿ’ ಎಂದಳು.

ಡಬ್ಬಿಯನ್ನು ಕೆಸರಿನಲ್ಲಿ ಸುರಿದೆ. ಅವಳು ಕಾಲಿನಿಂದ ಹರವಿದಳು. ಅವುಗಳ ಮೇಲೆ ಕಾಲಿಟ್ಟು ದಾಟುವುದು ನನಗೆ ಕಷ್ಟವಾಯಿತು. ದಾಟಿದೆ.

ಊರಬಾಗಿಲಿನ ಅಗಸಿಕಟ್ಟೆಯ ಮೇಲೆ ಹತ್ತಾರು ಜನ ಕೂತಿದ್ದರು. ನಡುವೆ ಗೋಡೆಗೆ ಒರಗಿದ್ದ ಮುದುಕರನ್ನು ತೋರಿಸಿ ಸುಜಾತಾ, ‘ಮಲ್ಲಣಗೌಡ್ರು. ಅವರಿಗಿ ಕಿವಿ ಮಂದ, ಜೋರಾಗಿ ಹೇಳ್ರಿ’ ಎಂದಳು. ನನಗೆ ಮಜ್ಜಿಗೆ ಕೊಟ್ಟ ಮಲ್ಲಣಗೌಡ. ಮುಖದಲ್ಲಿ ಹಳೆಯ ಗುರುತೊಂದೂ ಉಳಿದಿರಲಿಲ್ಲ, ನನ್ನ ಮುಖದಲ್ಲೂ ಉಳಿದಿರಲಿಕ್ಕಿಲ್ಲ.

ಹೇಳಿದೆ. ಧೂಳಪ್ಪ ಕಲ್ಲು ಬೆರೆಸಿರಲಿಲ್ಲ, ಮೊದಲ ಚೀಲದ ಪಾಂಡವರು ಅವು, ತಿಳಿಯದೆ ಕಳವು ಹೊರಿಸಿದವನು ನಾನು, ತಿಳಿದ ಮೇಲೂ ಬಾಯಿ ಬಿಡದವನು ನಾನು. ಒಬ್ಬ ಹುಡುಗ ಮೊಬೈಲು ನೋಡುತ್ತಲೇ, ‘ಹೌದೇನ್ರಿ? ಫರಸಿ ಖಣಿಗಿ ಹೋಗಿದ್ದಕ್ಕ ಆ ಹೆಸರು ಬಂತಂತ ತಿಳ್ಕೊಂಡಿದ್ದೆ’ ಎಂದ. ಮಲ್ಲಣಗೌಡರು ಪಕ್ಕದವನನ್ನು, ‘ಏನಂತಾರಲೇ ಅವರು?’ ಎಂದು ಕೇಳಿದರು.

ಇನ್ನೊಮ್ಮೆ ಹೇಳಿದೆ. ‘ಆಂ?’ ಎಂದರು. ಒಂದು ತಪ್ಪು ಒಪ್ಪಿಕೊಳ್ಳಲು ಇಡೀ ಆಯುಷ್ಯ ತೆಗೆದುಕೊಂಡವನಿಗೆ ಅದನ್ನು ಮತ್ತೆ ಮತ್ತೆ ಕೂಗುವ ಶಿಕ್ಷೆ! ಉಸಿರು ಕಟ್ಟಿ ಕೂಗಿದೆ: ‘ಧೂಳಪ್ಪ ಕಲ್ಲ ಹಾಕಿರಲಿಲ್ರಿ! ಅವು ಪಾಂಡವರ್ರಿ! ಸುಳ್ಳ ಹೊರಿಸಿದಾವ ನಾನ್ರಿ!’ ಎದುರು ಮನೆಗಳ ಬಾಗಿಲಿಗೆ ಹೆಂಗಸರು ಬಂದು ನಿಂತರು.

ಈ ಸಲ ಗೌಡರಿಗೆ ಕೇಳಿಸಿತು. ಮುಖ ಅರಳಿತು. ‘ಅಷ್ಟೇ ಏನ್ರಿ? ಅದು ನಮಗ ಆಗೇ ಗೊತ್ತಿತ್ತಲ್ಲ! ಎಲ್ಲಾರ ರಾಶಿ ಮ್ಯಾಲೂ ಇರ್ತಿದ್ವಲ್ರಿ ಐದೈದು’ ಎಂದರು.

ಹುಡುಗ ಮೊಬೈಲಿನಿಂದ ತಲೆ ಎತ್ತಿದ.

ಸುಜಾತಾ ಮುಂದೆ ಬಂದಳು. ‘ಗೊತ್ತಿದ್ದೂ ಇಷ್ಟ ವರ್ಷ ಯಾಕ ಹಂಗ ಅಂದ್ರಿ ಗೌಡ್ರ?’

ಮಲ್ಲಣಗೌಡರು ಅವಳ ಮುಖ ನೋಡಿದರು. ನನ್ನ ಮುಖ ನೋಡಿದರು. ಮೆಲ್ಲಗೆ ಕಿವಿಗೆ ಕೈ ಹಚ್ಚಿ, ‘ಆಂ?’ ಎಂದರು.

ನಾನು ಮೊಣಕಾಲು ಹಿಡಿದುಕೊಂಡು ಕಟ್ಟೆ ಹತ್ತಿದೆ. ಅವರ ಪಕ್ಕದಲ್ಲಿ ಕೂತು, ಅವಳ ಪ್ರಶ್ನೆಯನ್ನು ಅವರ ಕಿವಿಯಲ್ಲಿ ಇನ್ನೊಮ್ಮೆ ಕೇಳಿದೆ.